ಮಾರ್ಚ್ ವರದಿ, ಅಕ್ಟೋಬರ್ ಬಜೆಟ್

ನನ್ನ ಮಾತು ಮುಗಿದಾಗ ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನಗರಾಡಳಿತದ ಅಂತರರಾಷ್ಟ್ರೀಯ ವಿನಿಮಯ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಕಾಚೋ-ಸಾನ್ ಎನ್ನುತ್ತಿದ್ದೆವು. ಅವರು ಎದ್ದು ನಿಂತು, "ಬಹಳ ಅಮೂಲ್ಯವಾದ ಅಭಿಪ್ರಾಯ. ಖಂಡಿತವಾಗಿ ವರದಿಯಲ್ಲಿ ಸೇರಿಸುತ್ತೇವೆ," ಎಂದು ನಡು ಬಗ್ಗಿಸಿದರು. ಕೆಲಸ ಆಯಿತು ಅಂದುಕೊಂಡೆ. ಮನೆಗೆ ಬಂದವಳೇ ಕೇಸರಿಬಾತ್ ಮಾಡಿ, ಕೆಳಗಿನ ಮಹಡಿಯ ಮೈಸೂರಿನವಳಿಗೆ ಒಂದು ಡಬ್ಬಿ ಕೊಡಲು ಹೋದೆ.

"ಏಪ್ರಿಲ್‌ನಿಂದ ನಿನ್ ಮಗಳಿಗೆ ಜಪಾನಿ ಕಲಿಸೋಕೆ ಟೀಚರ್ ಬರ್ತಾರೆ ಕಣೇ," ಅಂದೆ.

ಅವಳು ಡಬ್ಬಿ ಹಿಡಿದುಕೊಂಡೇ ಬಾಗಿಲಲ್ಲಿ ಅತ್ತುಬಿಟ್ಟಳು. ಆ ಕೇಸರಿಬಾತ್ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅದು ಎರಡು ಸಾವಿರದ ಇಸವಿಯ ಜುಲೈ, ಜಪಾನಿನಲ್ಲಿ ಬೇಸಿಗೆ. ಹೊಸ ವರ್ಷದ ದಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಹೆದರಿ ಜಪಾನಿನ ಕಂಪನಿಗಳು ನಮ್ಮವರನ್ನು ಕರೆಸಿಕೊಂಡಿದ್ದವು. ಏನೂ ನಿಲ್ಲಲಿಲ್ಲ, ನಮ್ಮವರು ಮಾತ್ರ ಅಲ್ಲೇ ನಿಂತರು. ನನ್ನ ಗಂಡ, ಮೈಸೂರಿನವಳ ಗಂಡ ಇಬ್ಬರದೂ ಒಂದೇ ಆಫೀಸು. ನಾವಿದ್ದದ್ದು ಟೋಕಿಯೊ ಅಂಚಿನ ಒಂದು ಸಣ್ಣ ನಗರದಲ್ಲಿ. ತೊಗರಿಬೇಳೆ ಬೇಕೆಂದರೆ ಭಾನುವಾರ ರೈಲು ಹತ್ತಿ ನಿಶಿ ಕಸಾಯಿಗೆ ಹೋಗಬೇಕು. ವಿದೇಶಿಯರಿಗೆ ಅಲ್ಲಿ ಓಟಿಲ್ಲ. ಓಟಿನ ಬದಲು ನಗರಾಡಳಿತ ಒಂದು 'ವಿದೇಶಿ ನಿವಾಸಿಗಳ ಸಮಿತಿ' ಮಾಡಿ ನಮ್ಮ ಕೈಗೆ ಕೊಟ್ಟಿತ್ತು. ಊರಲ್ಲಿ ನಗರ ಯೋಜನೆಯ ಕೆಲಸ ಮಾಡಿದ್ದವಳು, ಜಪಾನಿ ಮಾತಾಡುತ್ತಾಳೆ ಎಂದು ನನ್ನನ್ನೂ ಅದಕ್ಕೆ ಸೇರಿಸಿಕೊಂಡಿದ್ದರು.

ಮೈಸೂರಿನವಳ ಮಗಳು ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ, ಶಾಲೆಯಲ್ಲಿ ಬಾಯಿಯೇ ತೆರೆಯುತ್ತಿರಲಿಲ್ಲ. ತೆರೆದು ಏನು ಹೇಳಬೇಕು? ಪಾಠ ಒಂದಕ್ಷರ ಅರ್ಥವಾಗುವುದಿಲ್ಲ. ಮಧ್ಯಾಹ್ನದ ಊಟದ ತಟ್ಟೆಯಲ್ಲಿ ಮೀನು. ಮನೆಯಿಂದ ಡಬ್ಬಿ ತರುವಂತಿಲ್ಲ. ಅವಳು ಅನ್ನವನ್ನಷ್ಟೇ ತಿಂದು ಕೂತಿರುತ್ತಿದ್ದಳು. ಟೀಚರಮ್ಮ ಮನೆಗೆ ಚೀಟಿ ಬರೆದರು: 'ಗುಂಪು ಜೀವನಕ್ಕೆ ಹೊಂದಿಕೊಳ್ಳುತ್ತಿಲ್ಲ.' ಅಲ್ಲಿನ ಜೂನ್ ತಿಂಗಳ ಮಳೆ ಮುಗಿಯುವುದರೊಳಗೆ ಉಪಪ್ರಾಂಶುಪಾಲರು ತಾಯಿಯನ್ನು ಕರೆಸಿ, ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳ ವಿಶೇಷ ತರಗತಿಗೆ ಮುಂದಿನ ಏಪ್ರಿಲ್‌ನಿಂದ ಹಾಕುವುದು ಒಳ್ಳೆಯದೇನೋ ಎಂದರು.

ಆ ತರಗತಿಯ ಬಗ್ಗೆ ನನಗೆ ತಕರಾರಿಲ್ಲ. ಅದು ಬೇಕಾದ ಮಕ್ಕಳಿಗೆ ಅದು ಬೇಕೇ ಬೇಕು. ತಮಗೆ ಬಾರದ ಭಾಷೆಯ ಮಕ್ಕಳನ್ನೆಲ್ಲ ಒಯ್ದು ಅಲ್ಲಿ ಕೂರಿಸುವುದು ಮಾತ್ರ ಎರಡೂ ಕಡೆಯ ಮಕ್ಕಳಿಗೆ ಮಾಡುವ ಅವಮಾನ. ಒಮ್ಮೆ ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಪರೀಕ್ಷೆಯೂ ಆಯಿತು. ನಾನು ಭಾಷಾಂತರಕ್ಕೆ ಒಳಗೆ ಕೂರುತ್ತೇನೆ ಎಂದೆ. "ಬೇರೆಯವರು ಇದ್ದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ," ಎಂದು ನನ್ನನ್ನು ಹೊರಗೆ ಕೂರಿಸಿದರು. ಜಪಾನಿ ಬಾರದ ಮಗುವಿಗೆ ಜಪಾನಿಯಲ್ಲಿ ಬುದ್ಧಿ ಅಳೆದರೆ ಫಲಿತಾಂಶ ಸರಿಯಾಗಿ ಬರುತ್ತದಂತೆ! ಹೊರಗೆ ಬಂದ ಹುಡುಗಿಯನ್ನು ಏನಾಯ್ತೇ ಎಂದು ಕೇಳಿದೆ.

"ಛತ್ರಿ ಪಿಕ್ಚರ್ ತೋರ್ಸಿ ಏನೋ ಕೇಳಿದ್ರು ಆಂಟಿ. ಅದು ಛತ್ರಿ ಅಂತ ನಂಗೊತ್ತು. ಅವ್ರಿಗೇ ಗೊತ್ತಿರ್ಲಿಲ್ಲ ಅನ್ಸತ್ತೆ, ಕೇಳ್ತಾನೇ ಇದ್ರು."

ಅವಳಮ್ಮ ನಗಲಿಲ್ಲ. ಮನೆಗೆ ನಡೆಯುವಾಗ ಮಗಳನ್ನು ಮುಂದೆ ಬಿಟ್ಟು, "ನಿಜ ಹೇಳಿ, ಇವ್ಳು ದಡ್ಡೀನಾ?" ಎಂದು ಕೇಳಿದಳು. ಹೆತ್ತ ತಾಯಿಗೇ ಅನುಮಾನ ಬರುವ ಹಾಗೆ ಮಾಡಿಬಿಟ್ಟರಲ್ಲ ಎಂದು ನನ್ನ ಸಿಟ್ಟು ನೆತ್ತಿಗೇರಿದ್ದು ಆವತ್ತು.

ನಾನು ನಗರಾಡಳಿತದ ನಿಯಮ ತೆಗೆದು ಓದಿದೆ. ಭಾಷೆ ಕಲಿಸುವ ಟೀಚರನ್ನು ಕೊಡಲು ಅವಕಾಶ ಇತ್ತು. ಆದರೆ ಒಂದೇ ಶಾಲೆಯಲ್ಲಿ ಇಂತಿಷ್ಟು ವಿದೇಶಿ ಮಕ್ಕಳಿರಬೇಕು. ಶಾಲೆಗಳನ್ನು ವಿಳಾಸ ನೋಡಿ ಹಂಚುವುದರಿಂದ ಈ ಮಕ್ಕಳು ಊರೆಲ್ಲ ಚದುರಿದ್ದರು. ಒಂದು ಶಾಲೆಯಲ್ಲಿ ಪೆರುವಿನ ಅಣ್ಣತಂಗಿ, ಇನ್ನೊಂದರಲ್ಲಿ ಚೀನಾದ ಹುಡುಗ, ಮತ್ತೊಂದರಲ್ಲಿ ನಮ್ಮ ಹುಡುಗಿ. ಊರಿನಲ್ಲಿ ಮಕ್ಕಳಿದ್ದಾರೆ, ಆದರೆ ಯಾವ ಶಾಲೆಯಲ್ಲೂ 'ಸಾಕಷ್ಟು' ಇಲ್ಲ. ನಿಯಮ ಬರೆದವರು ಜಾಣರೋ ಪೆದ್ದರೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ನಾನು ಕಲಿತ ವಿದ್ಯೆ ಇಂಥದ್ದಕ್ಕೇ. ನಕ್ಷೆಯ ಮೇಲೆ ಶಾಲೆಗಳನ್ನು ಗುರುತಿಸಿ, ಬಸ್ಸಿನ ದಾರಿ ಎಳೆದು, ಒಬ್ಬರೇ ಟೀಚರು ಸರದಿಯ ಮೇಲೆ ಈ ಶಾಲೆಗಳನ್ನೆಲ್ಲ ಸುತ್ತಬಹುದು ಎಂದು ತೋರಿಸಿದೆ. ಹೊಸ ಕಟ್ಟಡ ಬೇಡ, ಖಾಲಿ ಕೋಣೆಗಳು ಇವೆ. ಜುಲೈ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದ್ದು ಇದಕ್ಕೇ.

ಕೇಸರಿಬಾತ್ ಹಂಚಿದ ಮುಂದಿನ ವಾರ ಸಮಿತಿಯ ಕೊರಿಯನ್ ಹಿರಿಯರು ಪುರಭವನದ ಹೊರಗಿನ ಬೆಂಚಿನಲ್ಲಿ ನನ್ನನ್ನು ಕೂರಿಸಿಕೊಂಡರು. ಅವರು ಹುಟ್ಟಿದ್ದು ಅದೇ ಊರಿನಲ್ಲಿ, ಅವರ ಚಪ್ಪಲಿ ಕಾರ್ಖಾನೆ ಇದ್ದದ್ದು ಅಲ್ಲೇ, ಅಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ. ಆದರೂ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ಅವರು ವಿದೇಶಿ ನಿವಾಸಿ.

"ನಮ್ಮ ವರದಿ ನಗರಾಧ್ಯಕ್ಷರಿಗೆ ಸಿಗುವುದು ಯಾವಾಗ?" ಎಂದು ಕೇಳಿದರು.

"ಮಾರ್ಚ್‌ನಲ್ಲಿ."

"ಮುಂದಿನ ವರ್ಷದ ಬಜೆಟ್ಟಿಗೆ ವಿಭಾಗಗಳು ತಮ್ಮ ಬೇಡಿಕೆ ಸಲ್ಲಿಸುವುದು?"

ನನಗೆ ಗೊತ್ತಿರಲಿಲ್ಲ.

"ಅಕ್ಟೋಬರ್ ಕೊನೆ. ಆಮೇಲೆ ಹಣಕಾಸಿನವರು ಕತ್ತರಿ ಆಡಿಸುತ್ತಾರೆ, ಜನವರಿಯಲ್ಲಿ ನಗರಾಧ್ಯಕ್ಷರು ನೋಡುತ್ತಾರೆ, ಮಾರ್ಚ್‌ನಲ್ಲಿ ನಗರಸಭೆ ಕೈ ಎತ್ತಿ ಒಪ್ಪುತ್ತದೆ. ಅದೇ ಹೊತ್ತಿಗೆ ನಮ್ಮ ವರದಿ ಹೋಗುತ್ತದೆ. ಏಪ್ರಿಲ್ ಒಂದರಂದು ಅಧಿಕಾರಿಗಳಿಗೆಲ್ಲ ವರ್ಗ. ಕೇಳಿಸಿಕೊಂಡವರು ಇರುವುದಿಲ್ಲ, ಇರುವವರು ಕೇಳಿಸಿಕೊಂಡಿರುವುದಿಲ್ಲ."

"ಹಾಗಾದರೆ ಆ ತಲೆಯಾಡಿಸಿದ್ದು?"

"ಅವರು ಸುಳ್ಳು ಹೇಳಲಿಲ್ಲವಲ್ಲ. ವರದಿಯಲ್ಲಿ ಸೇರಿಸುತ್ತೇವೆ ಎಂದರು. ಸೇರಿಸುತ್ತಾರೆ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮನ್ನು ಮಾತಾಡಲು ಕರೆಯುತ್ತಿದ್ದರು, ಟೀ ಕೊಡುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ನಾನು ಒಂದು ಹೆಣ್ಣುಮಗಳ ಮೂಗಿಗೆ ತುಪ್ಪ ಸವರಿ ಬಂದಿದ್ದೆ. ತುಪ್ಪ ಮಾತ್ರ ಅವರದು.

ಆ ರಾತ್ರಿಯೇ ಹಿಂದಿನ ವರ್ಷದ ಬಜೆಟ್ ಪುಸ್ತಕ ಹಾಕಿಕೊಂಡು ಕೂತೆ. ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದಾದ ಪುಸ್ತಕ ಅದು. ವಿದೇಶಿ ಅನ್ನುವ ಪದ ಇದ್ದದ್ದು ಒಂದೇ ಜಾಗದಲ್ಲಿ, ಅಂತರರಾಷ್ಟ್ರೀಯ ವಿನಿಮಯದ ಕೆಳಗೆ. ಸೋದರಿ ನಗರದ ನಿಯೋಗಕ್ಕೆ ಔತಣ, ಆಮೇಲೆ ಶರತ್ಕಾಲದ ವಿನಿಮಯ ಹಬ್ಬ. ಶಿಕ್ಷಣದಲ್ಲಿ ನಾವಿಲ್ಲ. ಆರೋಗ್ಯದಲ್ಲಿ ಇಲ್ಲ. ಭೂಕಂಪದ ತಯಾರಿಯಲ್ಲೂ ಇಲ್ಲ, ನೆಲ ನಡುಗಿದಾಗ ನಾವು ಗಾಳಿಯಲ್ಲಿ ತೇಲುತ್ತೇವೆ ಅಂದುಕೊಂಡಿದ್ದರೋ ಏನೋ. ಬಾರದೇ ಹೋದ ಕಂಪ್ಯೂಟರ್ ಹುಳಕ್ಕೆ ದುಡ್ಡು ಸಿಕ್ಕಿತ್ತು. ಐಟಿ ಕ್ರಾಂತಿ ಎಂದು ಹಿರಿಯರಿಗೆ ಮೌಸ್ ಹಿಡಿಯಲು ಕಲಿಸುವುದಕ್ಕೂ ಮುಂದಿನ ವರ್ಷಕ್ಕೆ ಯೋಜನೆ ಸಿದ್ಧವಾಗುತ್ತಿತ್ತು. ಬಂದು ಕಣ್ಣೆದುರು ಕೂತಿದ್ದ ಮಗುವಿಗೆ ಮಾತ್ರ ಇಲ್ಲ.

"ನೀನ್ಯಾಕೆ ಇಷ್ಟು ಟೆನ್ಷನ್ ತಗೋತೀಯಾ? ನಾವು ಪ್ರಾಜೆಕ್ಟ್ ಮುಗಿದ್ರೆ ಹೊರಟೋಗೋರು," ಎಂದರು ನನ್ನ ಗಂಡ.

"ಆ ಕೊರಿಯನ್ ತಾತ ಎಲ್ಲಿಗೆ ಹೋಗ್ತಾರೆ?" ಎಂದೆ.

ಸೆಪ್ಟೆಂಬರ್‌ನಲ್ಲಿ ಕಾಚೋ-ಸಾನ್ ಫೋನ್ ಮಾಡಿದರು. ಅಕ್ಟೋಬರ್ ಮೊದಲ ಭಾನುವಾರ ವಿನಿಮಯ ಹಬ್ಬ. ಕಳೆದ ವರ್ಷದಂತೆ ಈ ಸಲವೂ ಭಾರತೀಯ ಮಹಿಳೆಯರು ಸಮೋಸಾ ಮಾಡಿ, ಬಂದವರಿಗೆ ಸೀರೆ ಉಡಿಸಬೇಕೆಂದು ವಿನಂತಿ. ನಗರಾಧ್ಯಕ್ಷರ ಪತ್ನಿಗೆ ಸೀರೆ ಬಹಳ ಇಷ್ಟವಾಗಿತ್ತಂತೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅವರದೇ ಧಾಟಿಯಲ್ಲಿ "ಯೋಚಿಸುತ್ತೇನೆ" ಎಂದು ಫೋನಿಟ್ಟು, ಕೊರಿಯನ್ ಹಿರಿಯರ ಕಾರ್ಖಾನೆಗೆ ಸೈಕಲ್ ತುಳಿದೆ. ಹಬ್ಬಕ್ಕೆ ಅವರ ಕಡೆಯಿಂದ ಡೋಲು, ಹುಳಿ ಎಲೆಕೋಸಿನ ಕಿಮ್ಚಿ ದೋಸೆ. ಅವರು ಹಬ್ಬ ಶುರುವಾದಾಗಿನಿಂದ ಡೋಲು ಬಾರಿಸಿದವರು.

"ನಾವು ಬರಲ್ಲ ಅಂದ್ರೆ ಏನಾಗುತ್ತೆ?" ಎಂದು ಕೇಳಿದೆ.

ಅವರು ಅಂಟಿನ ಕೈ ಒರೆಸಿಕೊಂಡರು. "ಅವರ ಹಬ್ಬ ಆಗುತ್ತೆ, ವಿನಿಮಯ ಆಗೋದಿಲ್ಲ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ದಿಢೀರನೆ ಬೆದರಿಕೆ ಹಾಕಬೇಡ. ಮೊದಲು ಹೋಗಿ ಬೇಕಾದದ್ದನ್ನು ಹೇಳು. ಅವರಿಗೆ ಒಳಗೊಳಗೇ ಮಾತಾಡಿಕೊಳ್ಳಲು ಸಮಯ ಕೊಡು. ಈ ದೇಶದಲ್ಲಿ ಸಭೆಯಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ, ಸಭೆಗೆ ಮುಂಚೆ ಆಗಿರುತ್ತದೆ," ಎಂದರು.

ಇಬ್ಬರೂ ಹೋದೆವು. ಸುತ್ತುವ ಟೀಚರಿನ ಯೋಜನೆಯನ್ನು ಶಿಕ್ಷಣ ವಿಭಾಗ ತನ್ನ ಅಕ್ಟೋಬರ್ ಬೇಡಿಕೆಯಲ್ಲಿ ಬರೆಯಬೇಕು, ಅಷ್ಟಾಗದೆ ಹಬ್ಬಕ್ಕೆ ನಾವಿಲ್ಲ ಎಂದೆ. ಕಾಚೋ-ಸಾನ್ ಮುಖ ಬಿಳುಚಿಕೊಂಡಿತು. ಪೋಸ್ಟರುಗಳು ಅಚ್ಚಾಗಿದ್ದವು, ಅದರಲ್ಲಿ ನನ್ನದೇ ಹಿಂದಿನ ವರ್ಷದ ಫೋಟೊ, ರೇಷ್ಮೆ ಸೀರೆಯಲ್ಲಿ ಹಲ್ಲು ಕಿರಿದುಕೊಂಡು.

"ಅದು ನಮ್ಮ ವಿಭಾಗದ ಕೆಲಸವಲ್ಲ," ಎಂದರು.

"ಹಾಗಾದರೆ ಯಾರ ಕೆಲಸವೋ ಅಲ್ಲಿಗೆ ಕರೆದುಕೊಂಡು ಹೋಗಿ."

ಶಿಕ್ಷಣ ವಿಭಾಗ ಇದ್ದದ್ದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಕಾಚೋ-ಸಾನ್ ಅಲ್ಲಿ ತಮ್ಮನ್ನು ತಾವೇ ಪರಿಚಯಿಸಿಕೊಳ್ಳಬೇಕಾಯಿತು. ಅಲ್ಲಿನ ಅಧಿಕಾರಿ ನನ್ನ ನಕ್ಷೆಯನ್ನು ನೋಡಿ, ಮಡಿಸಿ, ಅಂಚು ಸರಿಮಾಡಿ, ವಾಪಸು ಕೊಟ್ಟರು. "ಕಡ್ಡಾಯ ಶಿಕ್ಷಣ ಜಪಾನಿ ಪ್ರಜೆಗಳಿಗೆ. ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳುವುದು ನಮ್ಮ ಸೌಜನ್ಯ. ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಬೇಕು," ಎಂದರು.

ನನಗೆ ಮಾತು ಕನ್ನಡದಲ್ಲಿ ಬೇಕಾದಷ್ಟು ಸಿಕ್ಕಿತ್ತು, ಜಪಾನಿಯಲ್ಲಿ ಸಿಗಲಿಲ್ಲ. ಕೊರಿಯನ್ ಹಿರಿಯರು ಆ ಊರಿನ ಅಚ್ಚ ಮಾತಿನಲ್ಲಿ, ದನಿ ಏರಿಸದೆ, "ನಿವಾಸಿ ತೆರಿಗೆಯನ್ನೂ ನಮ್ಮಿಂದ ಸೌಜನ್ಯಕ್ಕಾಗಿಯೇ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರು. ಸುತ್ತಲಿನ ಮೇಜುಗಳಲ್ಲಿ ಬರೆಯುತ್ತಿದ್ದವರ ಪೆನ್ನು ನಿಂತಿತು. ಅಧಿಕಾರಿ "ಪರಿಶೀಲಿಸುತ್ತೇವೆ" ಎಂದರು. ಆ ಪದಕ್ಕೆ ನಾನು ಎರಡನೇ ಸಲ ಕೇಸರಿಬಾತ್ ಮಾಡುವವಳಲ್ಲ.

ಹಬ್ಬಕ್ಕೆ ಮುಂಚಿನ ವಾರ ಕಾಚೋ-ಸಾನ್ ಒಂದು ದಾರಿ ತಂದರು. ತಮ್ಮ ವಿಭಾಗದ ದುಡ್ಡಿನಲ್ಲೇ ವಾರಕ್ಕೊಮ್ಮೆ ಒಬ್ಬ ಸ್ವಯಂಸೇವಕಿಯನ್ನು ಕಳಿಸುತ್ತಾರೆ, ವಿನಿಮಯ ಕಾರ್ಯಕ್ರಮ ಎಂದು. ಮೈಸೂರಿನವಳಿಗೆ ಹೇಳಿದೆ. ಹೇಳದೆ ಇರಲು ನನಗೇನು ಹಕ್ಕು?

"ಅಷ್ಟಾದ್ರೂ ಆಗ್ಲಿ ಬಿಡಿ. ನಿಮ್ಗೆ ತತ್ವ ಮುಖ್ಯ, ನಂಗೆ ಮಗಳು," ಎಂದಳು.

ಆ ಮಾತು ಚುಚ್ಚಿತು. ಸರಿಯಾಗಿಯೇ ಇತ್ತು, ಅದಕ್ಕೇ ಚುಚ್ಚಿತು. ಇಬ್ಬರೂ ಶಾಲೆಗೆ ಹೋಗಿ ಉಪಪ್ರಾಂಶುಪಾಲರನ್ನು ಕೇಳಿದೆವು: ಸ್ವಯಂಸೇವಕಿ ಬಂದರೆ ಹುಡುಗಿಯನ್ನು ಅವಳ ತರಗತಿಯಲ್ಲೇ ಉಳಿಸುತ್ತೀರಾ? ಅವರು 'ಕಷ್ಟ' ಎನ್ನಲು ಅಲ್ಲಿನವರು ಮಾಡುವಂತೆ ಹಲ್ಲಿನ ನಡುವೆ ಗಾಳಿ ಎಳೆದುಕೊಂಡರು. ಹೊರಗಿನ ಸ್ವಯಂಸೇವಕರು ಶಾಲೆಯ ವ್ಯವಸ್ಥೆಯಲ್ಲ. ನವೆಂಬರ್‌ನಲ್ಲಿ ತರಗತಿ ನಿರ್ಧರಿಸುವ ಮಂಡಳಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿಕ್ಷಣ ವಿಭಾಗವೇ ಟೀಚರನ್ನು ಕೊಡುವ ಯೋಜನೆ ಇದ್ದರೆ ಮಾತ್ರ 'ಒಂದು ವರ್ಷ ನೋಡೋಣ' ಎಂದು ಬರೆಯಬಹುದು.

ಗೇಟಿನ ಹೊರಗೆ ಬಂದ ಮೇಲೆ ಮೈಸೂರಿನವಳು, "ಸಮೋಸಾ ಕ್ಯಾನ್ಸಲ್ ಮಾಡಿ," ಎಂದಳು. ದಾರಿಯಲ್ಲಿದ್ದ ಕೊಂಬಿನಿ ಅಂಗಡಿಗೆ ಹೋಗಿ, ಅಲ್ಲಿನ ಫೋನಿನಿಂದಲೇ ನಮ್ಮ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿದಳು. "ನೋಡೀ, ಸೀರೆ ಬೀರು ಒಳಗೇ ಇರ್ಲಿ," ಎಂದು ಜೋರಾಗಿ ಹೇಳುತ್ತಿದ್ದುದು ಹೊರಗೆ ನಿಂತ ನನಗೂ ಕೇಳುತ್ತಿತ್ತು. ಪೆರುವಿನವರಿಗೆ, ಚೀನಾದವರಿಗೆ ಕೊರಿಯನ್ ಹಿರಿಯರು ಹೇಳಿದರು.

ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ಉದ್ಯಾನದಲ್ಲಿ ಬಿಳಿ ಡೇರೆಗಳ ಸಾಲು, ಒಂದೊಂದರ ಮೇಲೂ ದೇಶದ ಹೆಸರು, ಬಾವುಟ. ಒಳಗೆ ಖಾಲಿ ಮೇಜು. ನಾವು ಮನೆಯಲ್ಲಿ ಕೂರಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು, ದಿನದ ಬಟ್ಟೆಯಲ್ಲಿ, ಊರಿನ ಬೇರೆಯವರ ಹಾಗೆ ನೋಡಲು ಹೋದೆವು. ಜಪಾನಿ ಜನ ಖಾಲಿ ಡೇರೆ ನೋಡಿ ಕಾರಣ ಕೇಳಿದರು, ಕೇಳಿದವರಿಗೆಲ್ಲ ಹೇಳಿದೆವು. ಒಬ್ಬ ಅಜ್ಜಿ, "ಪಾಪ, ಮಗುವಿಗೆ ಟೀಚರ್ ಕೊಡೋಕೇನು ಇವರಿಗೆ?" ಎಂದು ತನ್ನ ಗಂಡನನ್ನೇ ಗದರಿಸಿತು.

ನಗರಾಧ್ಯಕ್ಷರು ಭಾಷಣ ಮುಗಿಸಿ ಡೇರೆಗಳ ಕಡೆ ಬಂದು, ಕಾಚೋ-ಸಾನ್ ಮುಖ ನೋಡಿದರು. ಕಾಚೋ-ಸಾನ್ ನೆಲ ನೋಡಿದರು. ಕೊರಿಯನ್ ಹಿರಿಯರು ಸೂಟು ಹಾಕಿಕೊಂಡು ಬಂದಿದ್ದರು. ಮುಂದೆ ಹೋಗಿ, ಅತ್ಯಂತ ಮರ್ಯಾದೆಯ ಜಪಾನಿಯಲ್ಲಿ, "ಇಷ್ಟು ವರ್ಷ ಅತಿಥಿಗಳಾಗಿ ಬರುತ್ತಿದ್ದೆವು. ಇವತ್ತು ನಿವಾಸಿಗಳಾಗಿ ಬಂದಿದ್ದೇವೆ," ಎಂದರು. ಏನು ಬೇಕೆಂಬುದನ್ನೂ ಅಲ್ಲೇ ನಿಂತು ಹೇಳಿದರು. ಸ್ಥಳೀಯ ಪತ್ರಿಕೆಯವನು ಬರೆದುಕೊಳ್ಳುತ್ತಿದ್ದ. ಅವನು ಬಂದದ್ದು ಸೀರೆಯ ಫೋಟೊಗೆ.

ಆ ವಾರವೇ ಮೇಲಿನ ಮಹಡಿಯ ಶಿಕ್ಷಣ ವಿಭಾಗದಿಂದ ಫೋನ್ ಬಂತು. ಮಡಿಸಿ ವಾಪಸು ಕೊಟ್ಟಿದ್ದ ನಕ್ಷೆಯ ಪ್ರತಿ ಬೇಕಂತೆ! ಆಮೇಲೆ ದಿನ ಬಿಟ್ಟು ದಿನ ಹೋದೆ. ಟೀಚರಿನ ಸಮಯ, ಬಸ್ಸು, ಯಾವ ಶಾಲೆಯ ಯಾವ ಕೋಣೆ, ಮಕ್ಕಳು ಪಕ್ಕದ ಶಾಲೆಗೆ ನಡೆದು ಬಂದರೆ ಹೊಣೆ ಯಾರದು, ಎಲ್ಲವನ್ನೂ ಅವರ ಭಾಷೆಯಲ್ಲಿ ಬರೆದುಕೊಟ್ಟೆ. ಕಡೆಗೆ ಬೇಡಿಕೆಯಲ್ಲಿ ಅದು ಅಧಿಕಾರಿಯ ಸ್ವಂತ ಆಲೋಚನೆ ಎಂಬಂತೆ ಹೋಯಿತು. ಹೋಗಲಿ. ಅಂತರರಾಷ್ಟ್ರೀಯ ವಿನಿಮಯದ ಕೆಳಗೆ ಹಾಕಿದರೆ ಸುಲಭ ಎಂದು ಅವರು ಕೊನೆಯ ದಿನದವರೆಗೂ ಹೇಳಿದರು. ಶಿಕ್ಷಣದ ಕೆಳಗೇ ಇರಬೇಕು ಎಂದು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ನವೆಂಬರ್‌ನಲ್ಲಿ ಮಂಡಳಿ ಹುಡುಗಿಯ ಹೆಸರಿನ ಮುಂದೆ 'ಒಂದು ವರ್ಷ ನೋಡೋಣ' ಎಂದು ಬರೆಯಿತು. ಮೈಸೂರಿನವಳು ಆವತ್ತು ಅಳಲಿಲ್ಲ, ಬಜೆಟ್ ಪಾಸಾಗಲಿ ಎಂದಳು. ಹುಷಾರಾಗಿಬಿಟ್ಟಿದ್ದಳು.

ಹಣಕಾಸಿನವರು ಕತ್ತರಿ ಆಡಿಸಿಯೇ ಆಡಿಸಿದರು. ವಾರವಿಡೀ ಸುತ್ತಬೇಕಿದ್ದ ಟೀಚರು ವಾರಕ್ಕೆರಡು ದಿನಕ್ಕೆ ಇಳಿದರು. 'ಪ್ರಾಯೋಗಿಕ' ಎಂಬ ಬಾಲ ಬೇರೆ. ಆದರೂ ಮಾರ್ಚ್‌ನಲ್ಲಿ ಶಿಕ್ಷಣದ ಪುಟದಲ್ಲಿ ಅದು ಅಚ್ಚಾಗಿತ್ತು. ಕೊರಿಯನ್ ಹಿರಿಯರು ಕನ್ನಡಕ ತೆಗೆದು ಆ ಸಾಲನ್ನು ಓದಿ, "ನನ್ನ ಮಕ್ಕಳು ಶಾಲೆ ಮುಗಿಸಿ ಎಷ್ಟು ಕಾಲವಾಯಿತು," ಎಂದಷ್ಟೇ ಹೇಳಿದರು. ಅದೇ ತಿಂಗಳು ಸಮಿತಿಯ ವರದಿಯೂ ಸಲ್ಲಿಕೆಯಾಯಿತು, ಫೋಟೊ ತೆಗೆದರು. ಮುಂದಿನ ಅವಧಿಗೆ ನನಗೆ ಕರೆ ಬರಲಿಲ್ಲ. ಕಾಚೋ-ಸಾನ್‌ಗೆ ಏಪ್ರಿಲ್ ಒಂದರಂದು ನೀರು ಸರಬರಾಜಿಗೆ ವರ್ಗವಾಯಿತು.

ಏಪ್ರಿಲ್‌ನ ಮೊದಲ ತರಗತಿಯ ದಿನ ಮೈಸೂರಿನವಳು ನನ್ನನ್ನೂ ಕರೆದುಕೊಂಡು ಹೋದಳು. ಸಂಗೀತದ ಕೋಣೆಯ ಪಕ್ಕದ ಸಣ್ಣ ಕೋಣೆ. ನಮ್ಮ ಹುಡುಗಿ, ಪಕ್ಕದ ಶಾಲೆಯಿಂದ ನಡೆದು ಬಂದ ಪೆರುವಿನ ಅಣ್ಣತಂಗಿ, ಚೀನಾದ ಹುಡುಗ. ಟೀಚರು ಒಂದೊಂದೇ ವಸ್ತು ಎತ್ತಿ ಹಿಡಿದು ಹೆಸರು ಹೇಳಿಸುತ್ತಿದ್ದರು. ಹುಡುಗಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ನಾವು ಕಿಟಕಿಯ ಹೊರಗೆ ನಿಂತಿದ್ದೆವು.

ಉಪಪ್ರಾಂಶುಪಾಲರು ಬಂದು ಪಕ್ಕದಲ್ಲಿ ನಿಂತರು. ಒಳ್ಳೆಯ ಮನುಷ್ಯ, ಮುಖದಲ್ಲಿ ನಿಜವಾದ ಸಂತೋಷವಿತ್ತು. "ಎಷ್ಟು ಚುರುಕಾದ ಮಗು! ಹೀಗಾದರೆ ಬೇಗ ಎಲ್ಲರ ಜೊತೆ ಸೇರಿಕೊಳ್ಳುತ್ತಾಳೆ," ಎಂದರು.

ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಮೈಸೂರಿನವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

"ಒಂದು ವರ್ಷ ನನ್ ಮಗಳು ಇದೇ ಸ್ಕೂಲಲ್ಲಿ ಮೂಗಿ ಥರ ಕೂತಿದ್ಲು," ಎಂದಳು. "ನಾನೂ ಅವಳನ್ನ ದಡ್ಡಿ ಅಂದ್ಕೊಂಡೆ. ಆ ವರ್ಷನ ಯಾವ ಬಜೆಟ್‌ನಲ್ಲಿ ವಾಪಸ್ ಕೊಡ್ತಾರೆ, ಕೇಳಿ."

ಜಪಾನಿಯಲ್ಲಿ ಇಂಥ ಮಾತನ್ನು ಮೆತ್ತಗೆ ಮಾಡಲು ಹತ್ತು ದಾರಿಗಳಿವೆ, ಎಲ್ಲವೂ ನನಗೆ ಗೊತ್ತಿದ್ದವು. ಅವರು ಕಾಯುತ್ತಿದ್ದರು. ನಾನು ಒಂದನ್ನೂ ಬಳಸದೆ, ಅವಳ ಪ್ರಶ್ನೆಯನ್ನು ಅವಳು ಹೇಳಿದಂತೆಯೇ ಅವರ ಮುಂದಿಟ್ಟೆ.